ಲಿವರ್ ರೈಫಲ್‌ಗೆ ಪೀಪ್ ಸೈಟ್: ತೂತಿಗಿಂತ ಮೊದಲು ಮಣಿ ನೋಡಿ

(ಬೆಳಗಾವಿಯಲ್ಲಿ ನಿವೃತ್ತ ಸೈನಿಕರು, ಹವ್ಯಾಸಿ ಶೂಟರ್‌ಗಳು ಮತ್ತು ಎನ್‌ಸಿಸಿ ವಿದ್ಯಾರ್ಥಿಗಳ ಎದುರು ಆಡಿದ ಮಾತಿನ ಬರಹ ರೂಪ)

"ಯಾವ ಪೀಪ್ ಸೈಟ್ ಒಳ್ಳೇದು ಸರ್?" ಅಂತ ಯಾರಾದರೂ ಕೇಳಿದರೆ, ಅಂದರೆ ರೈಫಲಿನ ಹಿಂಭಾಗದಲ್ಲಿ ಕೂರಿಸಿ ಸಣ್ಣ ತೂತಿನ ಮೂಲಕ ಗುರಿ ನೋಡುವ ಸಾಧನದ ಬಗ್ಗೆ ಕೇಳಿದರೆ, ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ: "ನಿಮ್ಮ ವಯಸ್ಸೆಷ್ಟು?" ಕೆಲವರಿಗೆ ಇದು ಅಧಿಕಪ್ರಸಂಗ ಅನಿಸುತ್ತದೆ. ಕಂಪನಿ ಹೆಸರು, ಬೆಲೆ, ಎಲ್ಲಿ ಸಿಗುತ್ತದೆ, ಇದನ್ನೆಲ್ಲ ಬರೆದುಕೊಳ್ಳೋಕೆ ಪೆನ್ನು ಹಿಡಿದು ಕೂತಿರುತ್ತಾರೆ. ಆದರೆ ಈ ಸೈಟು ಕೆಲಸ ಮಾಡೋದು ನಿಮ್ಮ ಕಣ್ಣಿನ ಜೊತೆ. ಕಣ್ಣಿನ ಲೆಕ್ಕ ಬಿಟ್ಟು ಸೈಟ್ ಕೊಂಡರೆ ಪಕ್ಕದ ಮನೆಯವರ ಚಾಳೀಸು ಹಾಕಿಕೊಂಡ ಹಾಗೆ.

ಇವತ್ತು ಇಲ್ಲಿ ಮೂರು ತರದ ಜನ ಇದ್ದೀರಿ. ಮುಂದಿನ ಸಾಲಿನಲ್ಲಿ ಮರಾಠಾ ಲೈಟ್ ಇನ್‌ಫಂಟ್ರಿಯಿಂದ ನಿವೃತ್ತರಾದ ಹಿರಿಯರು. ಹಿಂದೆ ಏರ್ ರೈಫಲ್ ಹಿಡಿಯುವ ಹುಡುಗ ಹುಡುಗಿಯರು. ನಡುವೆ, ಅಜ್ಜನ ಕಾಲದ ವಿಂಚೆಸ್ಟರೋ ಮಾರ್ಲಿನ್ನೋ ಮನೆಯಲ್ಲಿದೆ ಅನ್ನುವ ನಾಲ್ಕಾರು ಮಂದಿ. ಇವು ಅಮೆರಿಕದ ಲಿವರ್ ರೈಫಲ್‌ಗಳು, ಅಂದರೆ ಟ್ರಿಗರ್ ಸುತ್ತಲಿನ ಹಿಡಿಯನ್ನು ಕೆಳಗೆಳೆದು ಮೇಲೆತ್ತಿ ಗುಂಡು ತುಂಬುವಂಥವು. ಆ ರೈಫಲ್ ಕಪಾಟಿನಿಂದ ಹೊರಗೆ ಬರೋದು ಆಯುಧ ಪೂಜೆಗೆ, ಇಲ್ಲಾ ಚುನಾವಣೆ ಬಂದಾಗ ಠಾಣೆಯಲ್ಲಿ ಡಿಪಾಸಿಟ್ ಮಾಡೋಕೆ. ನಗಬೇಡಿ, ನಿಜ ಅಲ್ವಾ? ಗುಂಡು ಸಿಗುವುದೇ ಕಷ್ಟ. ಆದರೂ ಮೊನ್ನೆ ಅಂಥವರೊಬ್ಬರು ಬಂದು ಕೇಳಿದ್ದರಿಂದಲೇ ಈ ಮಾತು ಹುಟ್ಟಿದ್ದು. ಹುಡುಗರೇ, ನಿಮಗೂ ಇದರಲ್ಲಿ ಕೆಲಸ ಇದೆ. ನಿಮ್ಮ ಏರ್ ರೈಫಲಿನ ಪೀಪ್ ಸೈಟೂ ಇದೇ ಮನೆತನದ್ದು.

ಶುರು ಮಾಡುವ ಮೊದಲು ಒಂದು ಮಾತು. ಇದು ಕಾಗದದ ಗುರಿಗೆ ಹೊಡೆಯುವವರ ಮಾತು. ಖಾನಾಪುರದ ಕಾಡು ಹತ್ತಿರ ಇದೆ ಅಂತ ಯಾರ ತಲೆಯಲ್ಲೂ ಬೇರೆ ವಿಚಾರ ಬರಬಾರದು. 1972ರ ವನ್ಯಜೀವಿ ಕಾಯ್ದೆ ಇದೆ, ಬೇಟೆ ಅಪರಾಧ. ಅಮೆರಿಕದಲ್ಲಿ ಈ ಸೈಟುಗಳು ಬೇಟೆಗಾರರಿಗಾಗಿಯೇ ಬೆಳೆದವು, ಆದ್ದರಿಂದ ಮಾತಿನ ನಡುವೆ ಅಲ್ಲಿನ ಉದಾಹರಣೆ ಬರುತ್ತದೆ. ಅಷ್ಟೇ.

ಕಣ್ಣಿಗೆ ಬರೋಣ. ಸಾಮಾನ್ಯ ಓಪನ್ ಸೈಟಿನಲ್ಲಿ ನೋಡಬೇಕಾದದ್ದು ಮೂರು: ಬ್ಯಾರೆಲ್ ಮೇಲಿನ ಕಚ್ಚು, ಬ್ಯಾರೆಲ್ ತುದಿಯ ಮಣಿ, ದೂರದ ಗುರಿ. ಮೂರೂ ಬೇರೆ ಬೇರೆ ದೂರದಲ್ಲಿವೆ. ಕಣ್ಣು ಒಂದು ಹೊತ್ತಿಗೆ ಒಂದನ್ನು ಮಾತ್ರ ತಿಳಿಯಾಗಿ ನೋಡಬಲ್ಲದು. ಇಪ್ಪತ್ತರ ಹುಡುಗನ ಕಣ್ಣು ಮೂರರ ನಡುವೆ ಚಕಚಕ ಓಡಾಡಿ ಹೇಗೋ ಸಂಭಾಳಿಸುತ್ತದೆ. ನಲವತ್ತು ದಾಟಿತು ಅಂದರೆ ಕಣ್ಣೊಳಗಿನ ಮಸೂರ ಬಿಗಿಯಾಗುತ್ತಾ ಬರುತ್ತದೆ, ಹತ್ತಿರದ್ದು ಮಸುಕಾಗುತ್ತದೆ. ಪೇಪರ್ ಓದೋಕೆ ಚಾಳೀಸು ಬೇಕು ಅನ್ನುವವರಿಗೆ ಬ್ಯಾರೆಲ್ ಮೇಲಿನ ಕಚ್ಚಿನ ಅಂಚು ಎರಡೆರಡಾಗಿ ಕಾಣುತ್ತದೆ. ಕೈ ನಡುಗಿತು, ರೈಫಲ್ ಹಳೆಯದಾಯಿತು ಅಂತ ದೂರುವ ಎಷ್ಟೋ ಜನರ ತೊಂದರೆ ಇಷ್ಟೇ.

ಈಗ ಎಲ್ಲರ ಕೈಗೂ ಒಂದೊಂದು ತುಂಡು ಕಾಗದ ಬಂದಿದೆ. ಹಳೆಯ ಲಗ್ನಪತ್ರಿಕೆ ಕತ್ತರಿಸಿ ಮಾಡಿದ್ದು, ಅದರ ನಡುವೆ ಗುಂಡುಸೂಜಿಯ ತೂತಿದೆ. ಚಾಳೀಸು ಇದ್ದವರು ತೆಗೆಯಿರಿ. ಪೇಪರಿನ ಸಣ್ಣ ಅಕ್ಷರವನ್ನು ಬರಿಗಣ್ಣಿನಲ್ಲಿ ನೋಡಿ, ಮಸುಕು. ಈಗ ತೂತನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದು ಅದೇ ಅಕ್ಷರ ನೋಡಿ. ಬೆಳಕು ಕಡಿಮೆ ಆಯಿತು, ಆದರೆ ಅಕ್ಷರ ತಿಳಿಯಾಯಿತು. ಸುಬೇದಾರ್ ಸಾಹೇಬ್ರು ತಲೆ ಆಡಿಸ್ತಾ ಇದ್ದಾರೆ, ಸರಿ. ಮಸುಕು ಆಗೋದು ಅಡ್ಡಾದಿಡ್ಡಿ ಬರುವ ಬೆಳಕಿನ ಗೆರೆಗಳಿಂದ. ಸಣ್ಣ ತೂತು ಅವನ್ನು ತಡೆದು ನೇರ ಬರುವುದನ್ನು ಮಾತ್ರ ಒಳಗೆ ಬಿಡುತ್ತದೆ. ಹಾಗಾಗಿ ಹತ್ತಿರದ ಮಣಿ, ದೂರದ ಗುರಿ ಎರಡೂ ಹೆಚ್ಚು ಕಡಿಮೆ ಒಟ್ಟಿಗೆ ಕಾಣುತ್ತವೆ. ಪೀಪ್ ಸೈಟಿನ ಅರ್ಧ ಗುಟ್ಟು ಇದು.

ಇನ್ನರ್ಧ ಗುಟ್ಟು, ಕಣ್ಣು ತಾನಾಗಿಯೇ ತೂತಿನ ನಡುವನ್ನು ಹುಡುಕಿಕೊಳ್ಳುತ್ತದೆ ಅನ್ನೋದು. ನೀವು ಮಾಡಬೇಕಾದದ್ದು ಏನೂ ಇಲ್ಲ. ಮಣಿಯನ್ನು ಗುರಿಯ ಮೇಲೆ ಇಡಿ, ತೂತನ್ನು ಮರೆತುಬಿಡಿ. ಹೊಸಬರು ತೂತಿನ ಅಂಚನ್ನೇ ನೋಡುತ್ತಾ ಮಣಿ ನಡುವೆ ಇದೆಯೋ ಇಲ್ಲವೋ ಅಂತ ಅಳೆಯುತ್ತಾ ಕೂರುತ್ತಾರೆ. ಅಷ್ಟರಲ್ಲಿ ಉಸಿರು ಕಟ್ಟಿ, ತೋಳು ಸೋತು, ಹೊಡೆತ ಎಲ್ಲೋ ಹೋಗಿರುತ್ತದೆ.

ಸೈನ್ಯದಲ್ಲಿದ್ದವರಿಗೆ ಇದು ಹೊಸದೇನಲ್ಲ. ಹಳೆಯ .303 ರೈಫಲ್‌ಗಳಲ್ಲಿ ನಂಬರ್ 1 ಮಾರ್ಕ್ 3ಕ್ಕೆ ಬ್ಯಾರೆಲ್ ಮೇಲೆ ಕಚ್ಚು ಇತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಬಂದ ನಂಬರ್ 4ರಲ್ಲಿ ಕಚ್ಚು ಹೋಗಿ, ರಿಸೀವರ್ ಹಿಂಭಾಗದಲ್ಲಿ, ಅಂದರೆ ಬ್ಯಾರೆಲ್ ಹಿಂದೆ ಗುಂಡು ತುಂಬುವ ಯಂತ್ರ ಇರುವ ಲೋಹದ ಪೆಟ್ಟಿಗೆಯ ಹಿಂಭಾಗದಲ್ಲಿ, ತೂತು ಬಂತು. ನಮ್ಮ ಸೈನ್ಯದಲ್ಲಿ ಆಮೇಲೆ ಬಂದ ಎಸ್‌ಎಲ್‌ಆರ್ ರೈಫಲ್‌ಗೂ ತೂತೇ, ಇನ್ಸಾಸ್‌ಗೂ ತೂತೇ. ರಂಗರೂಟ್ ಹುಡುಗನಿಗೆ ಬೇಗ ಕಲಿಸೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಹಾಗಾದರೆ ತೂತು ಎಷ್ಟು ದೊಡ್ಡದಿರಬೇಕು? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಯಾಕೆಂದರೆ ಜಾಸ್ತಿ ಗೊಂದಲ ಇಲ್ಲೇ. ಒಳ್ಳೆ ಬಿಸಿಲಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರ್ ತೆರೆದಿರುತ್ತದೆ. ನಸುಗತ್ತಲಲ್ಲಿ ಐದಾರು ಆಗುತ್ತದೆ, ವಯಸ್ಸಾದಂತೆ ಅಷ್ಟು ತೆರೆಯುವುದಿಲ್ಲ. ಪಾಪೆಗಿಂತ ಸಣ್ಣ ತೂತು ಇಟ್ಟರೆ ಮಾತ್ರ ಲಗ್ನಪತ್ರಿಕೆಯ ಆ ಜಾದೂ ನಡೆಯುತ್ತದೆ. ಪಾಪೆಗಿಂತ ದೊಡ್ಡ ತೂತು ಇಟ್ಟರೆ ಕಣ್ಣು ನಡುವೆ ನಿಲ್ಲುವ ಅನುಕೂಲ ಉಳಿಯುತ್ತದೆ, ತಿಳಿಯಾಗಿ ಕಾಣುವ ಅನುಕೂಲ ಬಹುಮಟ್ಟಿಗೆ ಹೋಗುತ್ತದೆ. ದೊಡ್ಡ ತೂತಿನ ಗೋಸ್ಟ್ ರಿಂಗ್ ಹಾಕಿಸಿಕೊಂಡ ಅರವತ್ತರ ಹಿರಿಯರು "ಮಣಿ ಇನ್ನೂ ಮಸುಕೇ ಇದೆಯಲ್ಲ" ಅಂತ ಬೇಸರ ಮಾಡಿಕೊಳ್ಳೋದು ಇದಕ್ಕೇ.

ಅಳತೆಗಳು ಇಂಚಿನಲ್ಲಿ ಬರುತ್ತವೆ. .040 ಇಂಚು ಅಂದರೆ ಒಂದು ಮಿಲಿಮೀಟರ್, ಕಾಗದದ ಗುರಿಗೆ, ಒಳ್ಳೆ ಬೆಳಕಿಗೆ. .093 ಅಂದರೆ ಸುಮಾರು 2.4 ಮಿಲಿಮೀಟರ್. .125 ಅಂದರೆ 3.2. ಗೋಸ್ಟ್ ರಿಂಗ್ ಅನ್ನೋದು .190ರಿಂದ .230ರವರೆಗೆ, ಅಂದರೆ ಐದರ ಆಚೆ ಈಚೆ. ನನ್ನ ಲೆಕ್ಕದಲ್ಲಿ ಲಿವರ್ ರೈಫಲಿನಿಂದ ಹಗಲು ಹೊತ್ತು ಕಾಗದಕ್ಕೆ ಹೊಡೆಯುವ, ನಲವತ್ತೈದು ದಾಟಿದವರಿಗೆ .093 ಸರಿಯಾದ ಜಾಗ. ಇಲ್ಲಿಂದ ಶುರು ಮಾಡಿ, ಮೋಡ ಮುಸುಕಿದ ದಿನಕ್ಕೆ ಒಂದು ದೊಡ್ಡದನ್ನು ಜೇಬಿನಲ್ಲಿಡಿ. ಈ ತೂತಿನ ಬಿಲ್ಲೆಗಳು ಸ್ಕ್ರೂ ತರ ತಿರುಗಿಸಿ ಕೂರಿಸುವಂಥವು, ಬದಲಾಯಿಸೋದು ಸಲೀಸು. ಹೊಡೆತದ ಅದುರಿಗೆ ಸಡಿಲಾಗಿ ಬಿದ್ದು ಹೋಗುವುದೂ ಅಷ್ಟೇ ಸಲೀಸು. ರೇಂಜಿನ ಹುಲ್ಲಿನಲ್ಲಿ ಅದನ್ನು ಹುಡುಕುವ ಕಷ್ಟ ಬೇಡ ಅಂದರೆ ಸ್ಕ್ರೂ ಎಳೆಗೆ ಒಂದು ಹನಿ ಲಾಕ್‌ಟೈಟ್ ಅಂಟು ಹಾಕಿ.

ಬೆಳಗಾವಿಯ ಮಳೆಗಾಲ ನಿಮಗೆ ಗೊತ್ತೇ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಕು ಮಂಕು, ಜಿಟಿಜಿಟಿ. ಸಣ್ಣ ತೂತಿಗೆ ಒಂದು ಹನಿ ನೀರು ಕೂತರೆ ಮುಗೀತು, ಪೊರೆ ಕಟ್ಟಿಕೊಂಡು ಏನೂ ಕಾಣಲ್ಲ, ಊದಿ ತೆಗೀಬೇಕು. ಅದೇ ವಿಜಯಪುರದ ಏಪ್ರಿಲ್ ಬಿಸಿಲಿಗೆ ಸಣ್ಣ ತೂತು ಹಿತ. ಒಂದೇ ರೈಫಲ್, ಎರಡು ಊರು, ಎರಡು ಬಿಲ್ಲೆ.

ಈಗ ನಾನು ನಿಜವಾಗಿ ಹೇಳಬೇಕು ಅಂದುಕೊಂಡು ಬಂದ ವಿಷಯ. ಎಲ್ಲರೂ ಹಿಂದಿನ ತೂತಿನ ಬಗ್ಗೆಯೇ ಕೇಳುತ್ತಾರೆ. ದುಡ್ಡೂ ಅಲ್ಲೇ ಸುರಿಯುತ್ತಾರೆ. ಕಣ್ಣು ನೋಡುವುದು ಮಾತ್ರ ಮುಂದಿನ ಮಣಿಯನ್ನು. ತೂತನ್ನು ಮರೆಯಬೇಕು ಅಂತ ಈಗಷ್ಟೇ ಹೇಳಿದೆನಲ್ಲ? ಮರೆಯುವ ವಸ್ತುವಿಗೆ ಅಷ್ಟು ಖರ್ಚು, ನೋಡುವ ವಸ್ತುವಿಗೆ ಏನೂ ಇಲ್ಲ. ಕೊಳ್ಳುವ ಪಟ್ಟಿಯಲ್ಲಿ ಮೊದಲು ಮುಂದಿನ ಸೈಟ್ ಬರೆಯಿರಿ.

ಹಳೆಯ ಲಿವರ್ ರೈಫಲ್‌ಗಳಲ್ಲಿ ಮುಂದೆ ಸಾಮಾನ್ಯವಾಗಿ ದುಂಡನೆಯ ಮಣಿ ಇರುತ್ತದೆ. ಹಿತ್ತಾಳೆಯದ್ದು, ಇಲ್ಲಾ ದಂತದಂಥ ಬಿಳಿಯದ್ದು. ಅಗಲ ಬಹುಮಟ್ಟಿಗೆ ಇಂಚಿನ ಹದಿನಾರನೇ ಒಂದು ಭಾಗ, ಅಂದರೆ 1.6 ಮಿಲಿಮೀಟರ್. ಕಣ್ಣಿನಿಂದ ಅದು 80 ಸೆಂಟಿಮೀಟರ್ ದೂರದಲ್ಲಿದೆ ಅಂದುಕೊಳ್ಳಿ. ಹಾಗಾದರೆ 100 ಮೀಟರ್ ದೂರದಲ್ಲಿ ಆ ಮಣಿ 20 ಸೆಂಟಿಮೀಟರ್ ಅಗಲದ ಜಾಗವನ್ನು ಮುಚ್ಚುತ್ತದೆ. ಒಂದು ಊಟದ ತಟ್ಟೆಯಷ್ಟು! 50 ಮೀಟರ್‌ನಲ್ಲಿ 10 ಸೆಂಟಿಮೀಟರ್. 50 ಮೀಟರ್ ರೈಫಲ್ ಸ್ಪರ್ಧೆಯ ಗುರಿಯ ಕಪ್ಪು ಭಾಗದ ಅಗಲ 112.4 ಮಿಲಿಮೀಟರ್. ಅಂದರೆ ಮಣಿಯೂ ಕಪ್ಪೂ ಸರಿಸುಮಾರು ಒಂದೇ ಅಳತೆ. ಕಪ್ಪಿನ ಮೇಲೆ ಮಣಿ ಇಟ್ಟರೆ ಕಪ್ಪೇ ಕಾಣಲ್ಲ. ಆಗ ಮಾಡಬೇಕಾದದ್ದು ಕಪ್ಪನ್ನು ಮಣಿಯ ತಲೆಯ ಮೇಲೆ ಕೂರಿಸಿ, ಕೆಳ ಅಂಚಿಗೆ ಗುರಿ ಇಡೋದು. ದುಂಡಗಿನ ಮಣಿಯ ತಲೆಯ ಮೇಲೆ ದುಂಡಗಿನ ಕಪ್ಪು ನಿಲ್ಲಿಸಿ ನೋಡಿ, ಜಾರುತ್ತಲೇ ಇರುತ್ತದೆ. ಚಪ್ಪಟೆ ತಲೆಯ ಕಪ್ಪು ಪಟ್ಟಿ ಇದ್ದರೆ ಗುರಿ ಅದರ ಮೇಲೆ ಸುಮ್ನೆ ಕೂರುತ್ತದೆ. ಕಾಗದಕ್ಕೆ ಹೊಡೆಯುವವರಿಗೆ ನನ್ನ ಮತ ಚಪ್ಪಟೆ ಪಟ್ಟಿಗೇ.

ಹೊಳೆಯುವ ಮಣಿಗೆ ಇನ್ನೊಂದು ತಕರಾರು ಇದೆ, ಅದು ಬೆಳಕಿನದ್ದು. ಬೆಳಗ್ಗೆ ಉತ್ತರಕ್ಕೆ ಮುಖ ಮಾಡಿ ಹೊಡೆಯುತ್ತಿದ್ದೀರಿ ಅಂದುಕೊಳ್ಳಿ. ಸೂರ್ಯ ಬಲಗಡೆ. ಹಿತ್ತಾಳೆ ಮಣಿಯ ಬಲಗಡೆ ಮಾತ್ರ ಮಿಂಚುತ್ತದೆ, ಎಡಗಡೆ ಕಪ್ಪಾಗಿ ಕಾಣದೆ ಹೋಗುತ್ತದೆ. ನಿಮ್ಮ ಕಣ್ಣು ಆ ಮಿಂಚುವ ಚುಕ್ಕೆಯನ್ನೇ ಇಡೀ ಮಣಿ ಅಂತ ತಿಳಿದು ಅದನ್ನೇ ಗುರಿಯ ಮೇಲೆ ಇಡುತ್ತದೆ. ಆಗ ನಿಜವಾದ ಮಣಿ ಸ್ವಲ್ಪ ಎಡಕ್ಕೆ ಹೋಗಿರುತ್ತದೆ, ಹೊಡೆತವೂ ಎಡಕ್ಕೆ. ಸಂಜೆ ಸೂರ್ಯ ಆ ಕಡೆ ಹೋದ ಮೇಲೆ ಅದೇ ರೈಫಲ್ ಬಲಕ್ಕೆ ಹೊಡೆಯುತ್ತದೆ. ಬೆಳಗ್ಗೆ ಒಂದು ತರ, ಸಂಜೆ ಒಂದು ತರ ಹೊಡೆಯುವ ರೈಫಲ್‌ಗೆ ದೆವ್ವ ಹಿಡಿದಿಲ್ಲ, ಮಣಿ ಹೊಳೆಯುತ್ತಿದೆ ಅಷ್ಟೇ.

ಇದಕ್ಕೆ ಹಳೆಯ ಉಪಾಯ ಸೈಟ್‌ಗೆ ಮಸಿ ಹಿಡಿಸೋದು. ಅಮೆರಿಕದ ಸ್ಪರ್ಧೆಗಳಲ್ಲಿ ಕಾರ್ಬೈಡ್ ದೀಪ ಬಳಸುತ್ತಿದ್ದರು. ನಮಗೆ ಕರ್ಪೂರ ಇದೆಯಲ್ಲ. ಆರತಿ ಮುಗಿದ ಮೇಲೆ ತಟ್ಟೆಯ ಮೇಲೆ ಕೂತ ಮಸಿ ನೋಡಿದ್ದೀರಿ, ನುಣ್ಣಗೆ, ಕಡುಗಪ್ಪು, ಒಂಚೂರೂ ಹೊಳಪಿಲ್ಲ. ಒಂದು ಸಣ್ಣ ಬಿಲ್ಲೆ ಹಚ್ಚಿ, ಹೊಗೆ ಸೈಟ್‌ಗೆ ತಾಗುವ ಹಾಗೆ ಹಿಡಿದರೆ ಕ್ಷಣದಲ್ಲಿ ಕೆಲಸ ಮುಗಿಯಿತು. ಹೊಡೆದ ಮೇಲೆ ಬಟ್ಟೆಯಿಂದ ಒರೆಸಿ, ಎಣ್ಣೆ ಕೈ ಆಡಿಸಿ. ರೈಫಲ್ ಖಾಲಿ ಇರಬೇಕು, ಲಿವರ್ ತೆರೆದಿರಬೇಕು, ಗುಂಡಿನ ಪೆಟ್ಟಿಗೆ ದೂರ ಇರಬೇಕು. ಪ್ಲಾಸ್ಟಿಕ್ ನಾರಿನ ಫೈಬರ್ ಸೈಟ್ ಇದ್ದವರು ದಯವಿಟ್ಟು ಈ ಕೆಲಸ ಮಾಡಬೇಡಿ, ಕರಗಿ ಹೋಗುತ್ತದೆ.

ಮುಂದಿನ ಸೈಟಿನ ಎತ್ತರದ ಲೆಕ್ಕ ಇನ್ನೊಂದು ಇದೆ, ಇದನ್ನು ಬರೆದುಕೊಳ್ಳಿ. ಬ್ಯಾರೆಲ್ ಮೇಲಿನ ಕಚ್ಚಿಗಿಂತ ರಿಸೀವರ್ ಮೇಲಿನ ಪೀಪ್ ಸಾಮಾನ್ಯವಾಗಿ ಎತ್ತರದಲ್ಲಿ ಕೂರುತ್ತದೆ. ಹಿಂದಿನ ಸೈಟ್ ಎತ್ತಿದರೆ ಹೊಡೆತ ಮೇಲೆ ಹೋಗುತ್ತದೆ. ಪೀಪನ್ನು ಪೂರ್ತಿ ಕೆಳಗಿಳಿಸಿದರೂ ಹೊಡೆತ ಮೇಲೇ ಹೋಗುತ್ತಿದ್ದರೆ, ಮುಂದೆ ಎತ್ತರದ ಸೈಟ್ ಬೇಕು. ಹಿಂದಿನದನ್ನು ಹೊಡೆತ ಹೋಗಬೇಕಾದ ಕಡೆಗೇ ಸರಿಸಬೇಕು, ಮುಂದಿನದನ್ನು ಅದರ ವಿರುದ್ಧ ದಿಕ್ಕಿಗೆ. ಎಷ್ಟು ಎತ್ತರ ಅನ್ನೋದಕ್ಕೆ ಊಹೆ ಬೇಡ. ಎರಡು ಸೈಟ್‌ಗಳ ನಡುವಿನ ದೂರ 60 ಸೆಂಟಿಮೀಟರ್, ಗುರಿ 50 ಮೀಟರ್ ಅಂದರೆ 5000 ಸೆಂಟಿಮೀಟರ್, ಹೊಡೆತ 5 ಸೆಂಟಿಮೀಟರ್ ಮೇಲೆ ಬೀಳುತ್ತಿದೆ. 5ನ್ನು 60ರಿಂದ ಗುಣಿಸಿ 5000ದಿಂದ ಭಾಗಿಸಿ. 0.06 ಸೆಂಟಿಮೀಟರ್ ಬಂತು, ಅಂದರೆ 0.6 ಮಿಲಿಮೀಟರ್. ಅಷ್ಟೇ ಎತ್ತರ ಜಾಸ್ತಿ ಬೇಕು. ನೋಡಿ, ಅರ್ಧ ಮಿಲಿಮೀಟರ್‌ಗೆ ಎಷ್ಟು ಬೆಲೆ! ಎತ್ತರದ್ದನ್ನೇ ತಂದು ಸ್ವಲ್ಪ ಸ್ವಲ್ಪವೇ ಅರದಿಂದ ಉಜ್ಜಿ ಇಳಿಸಬಹುದು. ಗಿಡ್ಡಾದದ್ದನ್ನು ಬೆಳೆಸೋಕೆ ಆಗಲ್ಲ.

ಇನ್ನು ಪೀಪ್ ಎಲ್ಲಿ ಕೂರಿಸಬೇಕು ಅನ್ನೋದು. ಮೂರು ಜಾಗ ಇವೆ. ಬ್ಯಾರೆಲ್ ಮೇಲೆ ಹಳೆಯ ಕಚ್ಚು ಸಿಕ್ಕಿಸಿದ್ದ ಡವ್‌ಟೇಲ್ ಅನ್ನುವ ಗಾಡಿಯಲ್ಲಿ, ರಿಸೀವರ್ ಮೇಲೆ, ಇಲ್ಲಾ ಟ್ಯಾಂಗ್ ಮೇಲೆ. ಟ್ಯಾಂಗ್ ಅಂದರೆ ರಿಸೀವರ್‌ನಿಂದ ಹಿಂದಕ್ಕೆ, ಮರದ ಸ್ಟಾಕ್ ಮೇಲೆ ಚಾಚಿಕೊಂಡಿರುವ ಉಕ್ಕಿನ ಪಟ್ಟಿ.

ಬ್ಯಾರೆಲ್ ಮೇಲಿನ ಪೀಪ್ ಬಗ್ಗೆ ನನಗೆ ಅಷ್ಟು ಪ್ರೀತಿ ಇಲ್ಲ. ಕಣ್ಣಿನಿಂದ ಅಷ್ಟು ದೂರ ಇಟ್ಟ ತೂತು ತೂತಿನ ಕೆಲಸ ಮಾಡೋದಿಲ್ಲ. ರೈಫಲ್‌ಗೆ ಏನೂ ಕೊರೆಯಬೇಕಾಗಿಲ್ಲ ಅನ್ನೋದೊಂದೇ ಅದರ ಪುಣ್ಯ. ಹಳೆಯ ರೈಫಲ್ ಇದ್ದವರಿಗೆ ಅದು ಸಣ್ಣ ಪುಣ್ಯವೇನಲ್ಲ, ಆ ಮಾತಿಗೆ ಆಮೇಲೆ ಬರುತ್ತೇನೆ.

ಟ್ಯಾಂಗ್ ಸೈಟ್ ನೋಡೋಕೆ ಚೆಂದ. ಕನೆಕ್ಟಿಕಟ್‌ನ ವಿಲಿಯಂ ಲೈಮನ್ 1879ರಲ್ಲಿ ಪೇಟೆಂಟ್ ತೆಗೆದುಕೊಂಡದ್ದು ಇಂಥ ಸೈಟಿಗೇ. ಮಡಚಿದರೆ ಮಲಗುತ್ತದೆ, ಎತ್ತಿದರೆ ಕಣ್ಣಿನ ಹತ್ತಿರ ನಿಲ್ಲುತ್ತದೆ. ಕಣ್ಣಿಗೆ ಹತ್ತಿರ ಇರೋದರಿಂದ ತೂತು ದೊಡ್ಡದಾಗಿ ಕಾಣುತ್ತದೆ, ಎರಡು ಸೈಟ್‌ಗಳ ನಡುವಿನ ದೂರವೂ ಅತಿ ಹೆಚ್ಚು. ಆ ದೂರ ಹೆಚ್ಚಿದಷ್ಟೂ ನಿಮ್ಮ ತಪ್ಪು ಕಡಿಮೆ. ಆದರೆ ಅದು ಕೂರುವ ಜಾಗವೇ ನಿಮ್ಮ ಹೆಬ್ಬೆರಳಿನ ಜಾಗ. ಹೆಬ್ಬೆರಳನ್ನು ಮೇಲಿಂದ ದಾಟಿಸಿ ಹಿಡಿಯುವ ಅಭ್ಯಾಸ ಇದ್ದವರು ಅದನ್ನು ಬಲಬದಿಗೆ ಇಟ್ಟುಕೊಳ್ಳೋದು ಕಲಿಯಬೇಕು. .30-30ರಂಥ ಮೆತ್ತನೆಯ ಗುಂಡಿಗೆ ತೊಂದರೆ ಇಲ್ಲ. ಜೋರಾಗಿ ಹಿಂದಕ್ಕೆ ಒದೆಯುವ .45-70 ಗುಂಡಿನ ರೈಫಲ್‌ಗೆ ಟ್ಯಾಂಗ್ ಸೈಟ್ ಹಾಕಿ ಮುಖ ಮುಂದಕ್ಕೆ ಚಾಚಿದರೆ ಹುಬ್ಬಿನ ಮೇಲೆ ಅರ್ಧಚಂದ್ರ ಮೂಡುತ್ತದೆ. ಇತ್ತೀಚಿನ ಕೆಲವು ವಿಂಚೆಸ್ಟರ್‌ಗಳಲ್ಲಿ ಟ್ಯಾಂಗ್ ಮೇಲೇ ಸೇಫ್ಟಿ ಗುಂಡಿ ಇದೆ, ಅಲ್ಲಿ ಸೈಟ್ ಕೂರಿಸುವ ಮಾತೇ ಕಷ್ಟ.

ಹಾಗಾಗಿ ಉಳಿಯೋದು ರಿಸೀವರ್. ಬಹಳಷ್ಟು ಜನರಿಗೆ ನಾನು ಹೇಳೋದು ಇದನ್ನೇ. ಇಲ್ಲಿ ವಿಂಚೆಸ್ಟರ್‌ಗೂ ಮಾರ್ಲಿನ್‌ಗೂ ಇರುವ ವ್ಯತ್ಯಾಸ ತಿಳಿಯಬೇಕು. ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ ವಿಂಚೆಸ್ಟರ್ 1894 ಎಪ್ಪತ್ತು ಲಕ್ಷಕ್ಕೂ ಹೆಚ್ಚು ತಯಾರಾದ ರೈಫಲ್. ಅದರ ರಿಸೀವರ್ ಮೇಲೆ ತೆರೆದಿದೆ, ಖಾಲಿ ಕಾರ್ತೂಸು ನೇರ ಮೇಲಕ್ಕೆ ಹಾರುತ್ತದೆ. ಮೇಲೆ ಸೈಟ್ ಕೂರಿಸೋಕೆ ಜಾಗ ಇಲ್ಲ. ಅದಕ್ಕೇ ಅದರ ಪೀಪ್ ರಿಸೀವರಿನ ಎಡಗೋಡೆಗೆ, ಹಿಂದಿನ ಮೂಲೆಯಲ್ಲಿ ಅಂಟಿಕೊಂಡು, ತೋಳು ಚಾಚಿ ತೂತನ್ನು ನಡುವಿಗೆ ತರುತ್ತದೆ. ಮಾರ್ಲಿನ್‌ನವರು 1889ರಿಂದಲೇ ಮೇಲ್ಭಾಗ ಮುಚ್ಚಿ, ಕಾರ್ತೂಸು ಬದಿಗೆ ಹಾರುವ ಹಾಗೆ ಮಾಡಿದರು. 1948ರಲ್ಲಿ ಬಂದ ಮಾರ್ಲಿನ್ 336 ಅದೇ ಸಾಲಿನದ್ದು. ಅದರಲ್ಲಿ ಬದಿಗೂ ಹಾಕಬಹುದು, ನೆತ್ತಿಯ ಮೇಲೆ ಸ್ಕ್ರೂ ತೂತುಗಳಿದ್ದರೆ ಚಿಕ್ಕ ಪೀಪನ್ನು ಅಲ್ಲೇ ನಡುವಿಗೆ ಕೂರಿಸಬಹುದು. ಮೊಂಟಾನಾದ ಸ್ಕಿನ್ನರ್‌ನವರ ಪೀಪ್ ಈ ತರದ್ದು, ಗಟ್ಟಿ, ಸರಳ, ಕ್ಲಿಕ್ ಇಲ್ಲ. ಬದಿಗೆ ಹಾಕುವುದರಲ್ಲಿ ಮಿಷಿಗನ್‌ನ ವಿಲಿಯಮ್ಸ್ ಕಂಪನಿಯದ್ದು, ಲೈಮನ್ 66, ಇವೆರಡೂ ಹಳೆಯ ಹೆಸರುಗಳು.

ಕ್ಲಿಕ್ ಅಂದೆ. ಸೈಟ್ ಸರಿಸೋಕೆ ಟಿಕ್ ಟಿಕ್ ಅಂತ ತಿರುಗುವ ಗುಬ್ಬಿ ಬೇಕೇ ಬೇಕು ಅಂತ ಹಟ ಹಿಡಿಯುವವರಿದ್ದಾರೆ. ಲಿವರ್ ರೈಫಲಿಗೆ ಅದು ಬೇಡ ಅನ್ನೋದು ನನ್ನ ಅಭಿಪ್ರಾಯ. ಎರಡು ತುಂಡಿನ ಸ್ಟಾಕ್, ಬ್ಯಾರೆಲ್‌ಗೆ ಪಟ್ಟಿ ಕಟ್ಟಿ ತೂಗುಹಾಕಿದ, ಗುಂಡು ತುಂಬಿಡುವ ಮ್ಯಾಗಜಿನ್ ಕೊಳವೆ, ಬಿಸಿಯಾದರೆ ಒಂದನ್ನೊಂದು ಎಳೆದಾಡುತ್ತವೆ. ಅಂಥ ರೈಫಲ್ 100 ಗಜಕ್ಕೆ ಎರಡು ಮೂರು ಇಂಚಿನೊಳಗೆ ಗುಂಡು ಹಾಕಿದರೆ ಬೆನ್ನು ತಟ್ಟಬೇಕು. ಪೀಪ್ ಸೈಟ್ ಕಡಿಮೆ ಮಾಡೋದು ನಿಮ್ಮ ಕಣ್ಣಿನ ತಪ್ಪನ್ನು, ರೈಫಲಿನ ತಪ್ಪನ್ನು ಅದು ತಿದ್ದಲ್ಲ. ಒಮ್ಮೆ ಸರಿ ಮಾಡಿ, ಸ್ಕ್ರೂ ಬಿಗಿದು, ಜಾಗಕ್ಕೆ ಬಿಳಿ ಬಣ್ಣದ ಗೆರೆ ಎಳೆದು ಬಿಡುವಂಥದ್ದು ಸಾಕು. ಗುಬ್ಬಿ ಇದ್ದರೆ ಬಂದವರೆಲ್ಲ ತಿರುಗಿಸಿ ಹೋಗುತ್ತಾರೆ.

ಕೊಳವೆ ಅಂದಾಗ ನೆನಪಾಯಿತು, ಹಿಂದಿನಿಂದ ಒಬ್ಬ ಹುಡುಗ ಚೀಟಿ ಕಳಿಸಿದ್ದಾನೆ: "ಲಿವರ್ ರೈಫಲಿನ ಗುಂಡಿನ ಮೂತಿ ಯಾಕೆ ಚಪ್ಪಟೆ?" ಒಳ್ಳೆ ಪ್ರಶ್ನೆ. ಕೊಳವೆಯಲ್ಲಿ ಗುಂಡುಗಳು ಒಂದರ ಹಿಂದೆ ಒಂದು ಸಾಲಾಗಿ ಕೂರುತ್ತವೆ. ಹಿಂದಿನದರ ಮೂತಿ ಮುಂದಿನದರ ಪ್ರೈಮರ್ ಮೇಲೆ, ಅಂದರೆ ಬುಡದಲ್ಲಿರುವ, ಪೆಟ್ಟು ಬಿದ್ದರೆ ಸಿಡಿಯುವ ಮದ್ದಿನ ಮೇಲೆ, ಒರಗಿರುತ್ತದೆ. ಮೂತಿ ಚೂಪಾಗಿದ್ದರೆ ಹೊಡೆತದ ಅದುರಿಗೆ ಅದೇ ಸೂಜಿಯಾಗಿ ಚುಚ್ಚಿ, ಕೊಳವೆಯೊಳಗೇ ಗುಂಡು ಸಿಡಿಯಬಹುದು. ಅದಕ್ಕೇ ಚಪ್ಪಟೆ. ಬ್ರೌನಿಂಗ್‌ನದ್ದೇ ವಿನ್ಯಾಸವಾದ ವಿಂಚೆಸ್ಟರ್ 1895ರಲ್ಲಿ ಕೊಳವೆ ತೆಗೆದು ಪೆಟ್ಟಿಗೆ ಮ್ಯಾಗಜಿನ್ ಇಟ್ಟರು, ಅಲ್ಲಿ ಚೂಪು ಗುಂಡು ನಡೆಯಿತು. ಮೊದಲ ಮಹಾಯುದ್ಧದಲ್ಲಿ ರಷ್ಯಾ ಆ ರೈಫಲನ್ನು ಲಕ್ಷಗಟ್ಟಲೆ ತರಿಸಿಕೊಂಡಿತ್ತು. ನಮ್ಮ ವಿಷಯಕ್ಕೆ ಇದರ ಸಂಬಂಧ ಇಷ್ಟು: ಚಪ್ಪಟೆ ಗುಂಡು ಗಾಳಿಯಲ್ಲಿ ಬೇಗ ಸೋಲುತ್ತದೆ. .30-30ನ್ನು 100 ಗಜಕ್ಕೆ ಸರಿ ಮಾಡಿದರೆ 200 ಗಜಕ್ಕೆ ಏಳೆಂಟು ಇಂಚು ಇಳಿದಿರುತ್ತದೆ. ಇದು ಹತ್ತಿರದ ರೈಫಲ್. ದೂರದ ಸೈಟ್ ಕಟ್ಟಿ ಅದಕ್ಕೆ ಹಿಂಸೆ ಕೊಡಬೇಡಿ.

ಈಗ ಕೊರೆಯುವ ಮಾತು. ಅಜ್ಜನ ರೈಫಲ್ ತಂದು "ಇಲ್ಲೊಂದು ತೂತು ಹೊಡೆದು ಪೀಪ್ ಕೂರಿಸಿ" ಅನ್ನುವ ಮೊದಲು ಬೆಳಕಿನಲ್ಲಿ ಹಿಡಿದು ನೋಡಿ. ನಂತರದ ಕಾಲದ ಬಹಳಷ್ಟು ವಿಂಚೆಸ್ಟರ್ 94ಗಳಲ್ಲಿ (ಅದೇ 1894 ಮಾದರಿ) ಎಡಗಡೆ ಹಿಂದೆ ಎರಡು ಪುಟ್ಟ ಸ್ಕ್ರೂಗಳು ಇರುತ್ತವೆ. ಏನೂ ಹಿಡಿದುಕೊಂಡಿಲ್ಲ, ಸುಮ್ನೆ ಕೂತಿವೆ ಅನಿಸುತ್ತದೆ. ಅವು ಫ್ಯಾಕ್ಟರಿಯೇ ಸೈಟ್‌ಗಾಗಿ ಬಿಟ್ಟ ತೂತುಗಳ ಮುಚ್ಚಳ. ತೀರಾ ಹಳೆಯವುಗಳಲ್ಲಿ ಟ್ಯಾಂಗ್ ಮೇಲೆ ಅಂಥದ್ದೇ ಒಂದು ಸ್ಕ್ರೂ ಇರಬಹುದು. ಇದ್ದರೆ ನಿಮ್ಮ ಆಯ್ಕೆ ಅರ್ಧ ಮುಗಿಯಿತು, ಯಾವ ತೂತು ಇದೆಯೋ ಆ ಸೈಟ್. ಇಲ್ಲದಿದ್ದರೆ ಹೊಸದಾಗಿ ಕೊರೆಯಬೇಡಿ. 1964ಕ್ಕಿಂತ ಮೊದಲಿನ ವಿಂಚೆಸ್ಟರ್‌ಗೆ ಸಂಗ್ರಹಕಾರರು ಕೊಡುವ ಬೆಲೆ ಒಂದು ಡ್ರಿಲ್ ಬಿಟ್ಟಿನಲ್ಲಿ ಇಳಿದು ಹೋಗುತ್ತದೆ. ಬ್ಯಾರೆಲ್ ಮೇಲಿನ ಪೀಪಿಗೆ ಪುಣ್ಯ ಇದೆ ಅಂದದ್ದು ಇದಕ್ಕೇ. ಏನೇ ಮಾಡಿಸಿದರೂ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲೇ ಮಾಡಿಸಿ. ಬಂದೂಕು ರಿಪೇರಿಗೂ ಲೈಸೆನ್ಸ್ ಬೇಕು ಅನ್ನುತ್ತದೆ 1959ರ ಆಯುಧ ಕಾಯ್ದೆಯ 5ನೇ ಕಲಂ. ಉದ್ಯಮಬಾಗದಲ್ಲಿ ಲೇಥ್ ಇಟ್ಟುಕೊಂಡ ಗೆಳೆಯ ಎಷ್ಟೇ ಒಳ್ಳೆಯ ಕೆಲಸಗಾರ ಇರಲಿ, ಈ ಕೆಲಸ ಅವನಿಗೆ ಕೊಡಬೇಡಿ. ಅವನನ್ನೂ ಸಿಕ್ಕಿಸುತ್ತೀರಿ.

ಕೊಳ್ಳುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಖರ್ಚು ಶೂನ್ಯ. ರೈಫಲ್ ಖಾಲಿ ಇದೆಯಾ ಅಂತ ಕಣ್ಣಿನಲ್ಲೂ ನೋಡಿ, ಬೆರಳು ಹಾಕಿಯೂ ನೋಡಿ. ಕೊಳವೆಯಲ್ಲಿ ಒಂದು ಗುಂಡು ಅಡಗಿ ಕೂರೋದು ಈ ರೈಫಲಿನ ಹಳೆಯ ಚಾಳಿ. ಆಮೇಲೆ ದಪ್ಪ ವಿಸಿಟಿಂಗ್ ಕಾರ್ಡ್ ಒಂದನ್ನು ಬೆರಳಗಲ ಕತ್ತರಿಸಿ. ಆಫೀಸಿನ ಪಂಚಿಂಗ್ ಮಷಿನ್‌ನಿಂದ ತೂತು ಹೊಡೆದರೆ ಸುಮಾರು ಆರು ಮಿಲಿಮೀಟರ್, ಅದೇ ನಿಮ್ಮ ಗೋಸ್ಟ್ ರಿಂಗ್. ಇನ್ನೊಂದಕ್ಕೆ 2.5 ಮಿಲಿಮೀಟರ್ ಡ್ರಿಲ್ ಬಿಟ್ಟನ್ನು ಕೈಯಿಂದಲೇ ತಿರುಗಿಸಿ ತೂತು ಮಾಡಿ, ಅದು .093ರ ಹತ್ತಿರ. ರಿಸೀವರಿನ ಹಿಂತುದಿಗೆ ಟೇಪಿನಿಂದ ನಿಲ್ಲಿಸಿ. ಎದುರುಗೋಡೆಗೆ ಕಪ್ಪು ಬಿಂದಿ ಅಂಟಿಸಿ, ಕಣ್ಣು ಮುಚ್ಚಿಕೊಂಡು ರೈಫಲ್ ಭುಜಕ್ಕೆ ತನ್ನಿ, ಕೆನ್ನೆ ಊರಿ, ಕಣ್ಣು ತೆರೆಯಿರಿ. ತೂತಿನೊಳಗೆ ಮಣಿ ಇದೆಯಾ? ಬೆಳಗ್ಗೆ ಒಮ್ಮೆ ನೋಡಿ, ದೀಪ ಹಚ್ಚುವ ಹೊತ್ತಿಗೆ ಇನ್ನೊಮ್ಮೆ ನೋಡಿ. ಯಾವ ತೂತು ಯಾವ ಹೊತ್ತಿಗೆ ಸಾಕಾಗಲ್ಲ ಅಂತ ಕಾರ್ಡೇ ಹೇಳುತ್ತದೆ.

ಕಣ್ಣು ತೆರೆದಾಗ ಮಣಿ ಕಾಣದೆ, ಕೆನ್ನೆ ಎತ್ತಿದ ಮೇಲೆ ಕಂಡಿತು ಅಂದರೆ ಸ್ಟಾಕ್ ನಿಮಗೆ ತಗ್ಗು. ಹಳೆಯ ಲಿವರ್ ರೈಫಲಿನ ಸ್ಟಾಕ್ ತಗ್ಗಿನ ಸೈಟ್‌ಗಾಗಿ ಇಳಿಜಾರಾಗಿ ಕೆತ್ತಿದ್ದು. ಮರಕ್ಕೆ ಕೈ ಹಚ್ಚಬೇಡಿ. ಸ್ಟಾಕ್ ಮೇಲೆ ಚರ್ಮದ ಹೊದಿಕೆ ಹೊದಿಸಿ, ದಾರದಿಂದ ಬಿಗಿದು, ಒಳಗೆ ಬೇಕಾದಷ್ಟು ಪದರ ಕೊಡಬಹುದು. ಹೊರಗಿನಿಂದ ತರಿಸೋಕೆ ದುಡ್ಡು ಯಾಕೆ? ನಮ್ಮ ಅಥಣಿಯಲ್ಲಿ ಕೊಲ್ಹಾಪುರಿ ಚಪ್ಪಲಿ ಹೊಲಿಯುವ ಕೈಗಳಿವೆ. ಕಾಗದದಲ್ಲಿ ಅಳತೆ ಕತ್ತರಿಸಿಕೊಂಡು ಹೋಗಿ, ರೈಫಲ್ ಮನೆಯಲ್ಲಿರಲಿ.

ಹುಡುಗರೇ, ನಿಮ್ಮ ಪಾಲಿಗೆ ಬಂದೆ. ನೀವು ಸ್ಪರ್ಧೆಗೆ ಹೋಗುವಾಗ ಓಪನ್ ಸೈಟ್ ಏರ್ ರೈಫಲ್ ವಿಭಾಗವೇ ಬೇರೆ, ಪೀಪ್ ಸೈಟ್ ವಿಭಾಗವೇ ಬೇರೆ. ಹೆಸರು ಕೊಡುವ ಮೊದಲೇ ನಿಮ್ಮದು ಯಾವುದು ಅಂತ ತಿಳಿದಿರಿ. 10 ಮೀಟರ್ ಏರ್ ರೈಫಲ್ ಗುರಿಯಲ್ಲಿ ಕಪ್ಪು 30.5 ಮಿಲಿಮೀಟರ್, ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್. ನಿಮ್ಮ ಮುಂದಿನ ಸೈಟ್‌ನಲ್ಲಿ ಮಣಿ ಬದಲು ಉಂಗುರ ಇರುತ್ತದೆ. ಅದು ಕಣ್ಣಿನಿಂದ ಒಂದು ಮೀಟರ್ ದೂರ ಇದ್ದರೆ, ಕಪ್ಪು ಅದರೊಳಗೆ ಮೂರು ಮಿಲಿಮೀಟರ್‌ನಷ್ಟು ಕಾಣುತ್ತದೆ. ಹೊಸಬರು ಕಪ್ಪಿಗೆ ಅಂಟಿಕೊಳ್ಳುವಂಥ ಸಣ್ಣ ಉಂಗುರ ಆರಿಸುತ್ತಾರೆ, ಬಿಗಿ ಇದ್ದಷ್ಟೂ ನಿಖರ ಅಂತ. ಆಗ ಸ್ವಲ್ಪ ಅಲುಗಿದರೂ ಕಪ್ಪು ಉಂಗುರಕ್ಕೆ ತಾಗಿದಂತೆ ಕಂಡು ಬೆರಳು ಹೆಪ್ಪುಗಟ್ಟುತ್ತದೆ, ಟ್ರಿಗರ್ ಎಳೆಯೋಕೆ ಧೈರ್ಯ ಬರಲ್ಲ. ಸುತ್ತಲೂ ಧಾರಾಳ ಬಿಳಿ ಕಾಣಲಿ. 3.8 ಅಥವಾ 4 ಮಿಲಿಮೀಟರ್ ಉಂಗುರದಿಂದ ಶುರು ಮಾಡಿ, ಅಲ್ಲಿಂದ ದೊಡ್ಡದಕ್ಕೆ ಹೋಗಿ. ನೋಡಿ, ಇಲ್ಲೂ ಅದೇ ಕಥೆ, ಮುಂದಿನ ಸೈಟ್ ಮೊದಲು.

ಪೀಪ್ ಸೈಟಿನಿಂದ ಎಲ್ಲಿಯವರೆಗೆ ಹೋಗಬಹುದು ಅನ್ನೋದಕ್ಕೆ ದೂರದ ಉದಾಹರಣೆ ಬೇಕಿಲ್ಲ. 2010ರಲ್ಲಿ ಮ್ಯೂನಿಕ್‌ನಲ್ಲಿ 50 ಮೀಟರ್ ಪ್ರೋನ್‌ನಲ್ಲಿ, ಅಂದರೆ ಮಲಗಿ ಹೊಡೆಯುವ ಸ್ಪರ್ಧೆಯಲ್ಲಿ, ವಿಶ್ವ ಚಾಂಪಿಯನ್ ಆದ ತೇಜಸ್ವಿನಿ ಸಾವಂತ್ ಕೊಲ್ಹಾಪುರದವರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ತ್ರೀ ಪೊಸಿಷನ್‌ನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಅದೇ ಜಿಲ್ಲೆಯ ಹಳ್ಳಿಯವರು. ನಮ್ಮಲ್ಲಿ ಎಷ್ಟೋ ಜನ ಮಹಾಲಕ್ಷ್ಮಿ ದರ್ಶನಕ್ಕೆ ಬೆಳಗ್ಗೆ ಹೋಗಿ ಸಂಜೆ ಬರುವ ಊರು ಅದು.

ಸೈಟ್ ಕೂರಿಸಿದ ಮೇಲೆ ಸರಿ ಮಾಡುವ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಗುಂಡು ದುಬಾರಿ, ಸಿಗೋದೂ ಅಪರೂಪ, ಆದ್ದರಿಂದ ಮೊದಲು 25 ಮೀಟರ್‌ಗೆ ನೋಡಿ. ಮಾರ್ಲಿನ್ ಇದ್ದವರಿಗೆ ಒಂದು ಅನುಕೂಲ ಇದೆ. ಲಿವರ್‌ನ ಒಂದು ಸ್ಕ್ರೂ ಬಿಚ್ಚಿ ಲಿವರ್ ತೆಗೆದರೆ, ಬ್ಯಾರೆಲ್ ಹಿಂಬಾಯಿ ಮುಚ್ಚುವ ಬೋಲ್ಟ್ ಹಿಂದಕ್ಕೆ ಜಾರಿ ಬರುತ್ತದೆ. ರೈಫಲನ್ನು ಮರಳುಚೀಲದ ಮೇಲಿಟ್ಟು ಬ್ಯಾರೆಲ್‌ನೊಳಗಿಂದಲೇ ಗುರಿ ನೋಡಿ, ಆಮೇಲೆ ಪೀಪಿನಿಂದ ನೋಡಿ. ಎರಡೂ ಸುಮಾರು ಒಂದೇ ಜಾಗ ತೋರಿಸುವ ಹಾಗೆ ಸೈಟ್ ಸರಿಸಿದರೆ ಮೊದಲ ಗುಂಡು ಕಾಗದದ ಮೇಲೆ ಬೀಳುತ್ತದೆ. 94ರಲ್ಲಿ ಅಷ್ಟು ಸುಲಭಕ್ಕೆ ಬೋಲ್ಟ್ ಬರಲ್ಲ, ಅವರು ದೊಡ್ಡ ಕಾಗದ ಹಚ್ಚಿಕೊಳ್ಳಲಿ. ಒಂದೇ ಗುಂಡು ನೋಡಿ ಸೈಟ್ ತಿರುಗಿಸಬೇಡಿ, ಮೂರು ಬೀಳಲಿ.

ಕೊನೆಗೆ ಆ ಕಡೆ ಕೂತಿರುವ ಕಾಕಾ ಕೇಳಿದ ಪ್ರಶ್ನೆ: "ಇಷ್ಟೆಲ್ಲ ಯಾಕೆ, ಸ್ಕೋಪ್ ಹಾಕಿದರೆ ಆಗಲ್ವಾ?" ಆಗುತ್ತೆ ಕಾಕಾ. ಮಾರ್ಲಿನ್‌ಗೆ ಚೆನ್ನಾಗಿಯೇ ಆಗುತ್ತೆ. 1980ರ ದಶಕದ ಆರಂಭದಲ್ಲಿ ವಿಂಚೆಸ್ಟರ್‌ನವರೂ ಕಾರ್ತೂಸು ಓರೆಯಾಗಿ ಹಾರುವ ಹಾಗೆ ಬದಲಾಯಿಸಿದ್ದು ಸ್ಕೋಪ್ ಆಸೆಗೇ. ಅದಕ್ಕಿಂತ ಹಳೆಯ 94ಕ್ಕೆ ನಡುವೆ ಸ್ಕೋಪ್ ಕಟ್ಟಿದರೆ ಖಾಲಿ ಕಾರ್ತೂಸು ಹಾರಿ ಸ್ಕೋಪಿಗೆ ಬಡಿದು ಒಳಗೇ ಬೀಳುತ್ತದೆ. ಬಡಿಯದಿದ್ದರೂ ಒಂದು ವಿಷಯ ಇದೆ. ಈ ರೈಫಲಿನ ತೂಕ ಸರಿಯಾಗಿ ನಿಲ್ಲೋದು ರಿಸೀವರಿನ ಜಾಗದಲ್ಲಿ. ಅಲ್ಲಿ ಒಂದು ಕೈ ಹಾಕಿ ಹಿಡಿದು ನಡೆಯೋಕೆ ಅಂತಲೇ ಅದನ್ನು ಅಷ್ಟು ತೆಳ್ಳಗೆ ಮಾಡಿದ್ದಾರೆ. ಸ್ಕೋಪ್ ಕಟ್ಟಿದರೆ ಕೈ ಹಾಕೋಕೆ ಜಾಗ ಇಲ್ಲ. ನಿಮ್ಮ ಕಣ್ಣಿಗೆ ಪೊರೆ ಬಂದಿದ್ದರೆ ಮೊದಲು ಆಪರೇಷನ್ ಮಾಡಿಸಿಕೊಳ್ಳಿ, ಆಮೇಲೆ .125ರ ತೂತಿನಿಂದ ನೋಡಿ, ಅದಕ್ಕೂ ಮಣಿ ಕಾಣದಿದ್ದರೆ ಸ್ಕೋಪ್ ಮಾತಾಡೋಣ.